ಒಬ್ಬ ಅಶ್ವತ್ಥ್, ಐದು ಹೆಸರು: ಮನೆಯ ಹಾಡುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಡುವ ಬಗೆ

ನಮ್ಮ ಮನೆಯಲ್ಲಿ ಮುನ್ನೂರು ಚಿಲ್ಲರೆ ಸಿಡಿಗಳಿದ್ದವು. ಜೊತೆಗೆ ಒಂದು ಟ್ರಂಕಿನ ತುಂಬ ಕ್ಯಾಸೆಟ್. ಸಂಜೆ ಬಿಡುವಾದಾಗಲೆಲ್ಲ ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸುತ್ತಾ ಹೋದೆ. ವರ್ಷಕ್ಕೂ ಜಾಸ್ತಿ ಹಿಡಿಯಿತು. ಎಲ್ಲ ಮುಗಿದ ಮೇಲೆ ಲೈಬ್ರರಿ ಸಾಫ್ಟ್‌ವೇರ್ ಹಾಕಿಕೊಂಡು, ಹಾಡುಗಳ ಫೋಲ್ಡರ್ ಯಾವುದು ಅಂತ ತೋರಿಸಿದೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲವನ್ನೂ ಓದಿ ಮುಗಿಸಿತು. ಗಾಯಕರ ಪಟ್ಟಿ ತೆರೆದೆ. ಸಿ. ಅಶ್ವತ್ಥ್ ಐದು ಕಡೆ ಇದ್ದರು.

ಒಂದು ಕಡೆ ‘ಸಿ. ಅಶ್ವತ್ಥ್’. ಇನ್ನೊಂದು ಕಡೆ ಚುಕ್ಕಿಯ ಪಕ್ಕ ಜಾಗ ಬಿಡದ ‘ಸಿ.ಅಶ್ವತ್ಥ್’. ಮೂರನೆಯದು ‘ಸಿ. ಅಶ್ವಥ್’. ನಾಲ್ಕನೆಯದು ‘ಅಶ್ವತ್ಥ್ ಸಿ’. ಐದನೆಯದು ನೋಡಲು ಥೇಟ್ ಮೊದಲನೆಯದೇ. ಎಷ್ಟು ಕಣ್ಣಗಲಿಸಿ ನೋಡಿದರೂ ವ್ಯತ್ಯಾಸ ಸಿಗಲಿಲ್ಲ. ಆದರೂ ಕಂಪ್ಯೂಟರಿನ ಲೆಕ್ಕದಲ್ಲಿ ಅವರು ಬೇರೆಯೇ ಮನುಷ್ಯ. ಅವರು ಹಾಡಿದ ಭಾವಗೀತೆಗಳನ್ನೆಲ್ಲ ಒಟ್ಟಿಗೆ ಕೇಳೋಣ ಅಂತ ಕೂತರೆ ಐದು ಬಾಗಿಲು ತಟ್ಟಬೇಕು.

ಸಾಫ್ಟ್‌ವೇರ್ ಕೆಟ್ಟದು ಅಂತ ಮೊದಲು ಅನ್ನಿಸಿತು. ಇನ್ನೊಂದು ಹಾಕಿ ನೋಡಿದೆ. ಅಲ್ಲೂ ಐದೇ. ಆಗ ಅರ್ಥವಾಯಿತು, ತೊಂದರೆ ಇರುವುದು ಸಾಫ್ಟ್‌ವೇರಿನಲ್ಲಿ ಅಲ್ಲ, ಅದು ಓದುವ ಚೀಟಿಯಲ್ಲಿ.

ಡಬ್ಬಿ ಮತ್ತು ಚೀಟಿ

ಅಡುಗೆಮನೆಯಲ್ಲಿ ಒಂದೇ ಥರದ ಡಬ್ಬಿಗಳನ್ನು ಸಾಲಾಗಿ ಇಟ್ಟು ಮೇಲೆ ಚೀಟಿ ಅಂಟಿಸಿರುತ್ತೇವಲ್ಲ, ಹಾಡಿನ ಫೈಲ್ ಕೂಡ ಹಾಗೇ. ಒಳಗೆ ಸದ್ದು ಇರುತ್ತದೆ. ಮೇಲೆ ಚೀಟಿ ಇರುತ್ತದೆ. ಈ ಚೀಟಿಗೆ ಟ್ಯಾಗ್ ಅನ್ನುತ್ತಾರೆ. ಅದರಲ್ಲಿ ಬೇರೆ ಬೇರೆ ಖಾನೆಗಳು: ಹಾಡಿನ ಹೆಸರು, ಆರ್ಟಿಸ್ಟ್ (ಆ ಹಾಡು ಹಾಡಿದವರು), ಆಲ್ಬಮ್, ಆಲ್ಬಮ್ ಆರ್ಟಿಸ್ಟ್ (ಇಡೀ ಆಲ್ಬಮ್ ಯಾರ ಹೆಸರಿನಲ್ಲಿದೆಯೋ ಅವರು), ಟ್ರ್ಯಾಕ್ ನಂಬರ್, ವರ್ಷ, ಕಂಪೋಸರ್, ಹೀಗೆ. ಲೈಬ್ರರಿ ಸಾಫ್ಟ್‌ವೇರ್ ಡಬ್ಬಿ ತೆರೆದು ರುಚಿ ನೋಡುವುದಿಲ್ಲ. ಚೀಟಿ ಓದುತ್ತದೆ, ಓದಿದ್ದನ್ನು ತನ್ನ ಡೇಟಾಬೇಸಿನಲ್ಲಿ ಬರೆದುಕೊಳ್ಳುತ್ತದೆ, ಅಷ್ಟೇ.

ಇಲ್ಲಿ ಒಂದು ಮಾತು ಚೆನ್ನಾಗಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಆಲ್ಬಮ್ ಅನ್ನುವ ವಸ್ತು ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಎಲ್ಲೂ ಇಲ್ಲ. ಇರುವುದು ಬಿಡಿಬಿಡಿ ಹಾಡುಗಳು ಮಾತ್ರ. ‘ಆಲ್ಬಮ್’ ಖಾನೆಯಲ್ಲಿ ಒಂದೇ ಅಕ್ಷರಗಳು, ‘ಆಲ್ಬಮ್ ಆರ್ಟಿಸ್ಟ್’ ಖಾನೆಯಲ್ಲೂ ಒಂದೇ ಅಕ್ಷರಗಳು ಇರುವ ಹಾಡುಗಳನ್ನು ಸಾಫ್ಟ್‌ವೇರ್ ಒಟ್ಟುಗೂಡಿಸಿ, ಇದೊಂದು ಆಲ್ಬಮ್ ಅಂತ ತೋರಿಸುತ್ತದೆ. ಗಾಯಕರದ್ದೂ ಅದೇ ಕಥೆ. ಅಶ್ವತ್ಥ್ ಯಾರು ಅಂತ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು, ಈ ಅಕ್ಷರಗಳು ಆ ಅಕ್ಷರಗಳಿಗೆ ಸಮವೋ ಅಲ್ಲವೋ ಅನ್ನುವುದು ಮಾತ್ರ.

ಹಾಗಾಗಿ ಎರಡು ಥರದ ತೊಂದರೆ ಬರುತ್ತದೆ. ಒಂದು, ಒಂದೇ ಆಲ್ಬಮ್ ಒಡೆದು ಚೂರಾಗುವುದು. ಇನ್ನೊಂದು ಇದಕ್ಕೆ ಉಲ್ಟಾ. ‘ದಾಸರ ಪದಗಳು’ ಅನ್ನುವ ಹೆಸರಿನ ಸಿಡಿ ಯಾರ ಮನೆಯಲ್ಲಿ ಒಂದೇ ಇರುತ್ತದೆ ಹೇಳಿ? ನಮ್ಮಲ್ಲಿ ಬೇರೆ ಬೇರೆ ಗಾಯಕರದ್ದು ನಾಲ್ಕಿದ್ದವು. ಆಲ್ಬಮ್ ಆರ್ಟಿಸ್ಟ್ ಖಾನೆ ಖಾಲಿ ಬಿಟ್ಟಿದ್ದೆ. ನಾನು ಬಳಸುತ್ತಿದ್ದ ಸಾಫ್ಟ್‌ವೇರ್ ನಾಲ್ಕನ್ನೂ ಸೇರಿಸಿ ಮೂವತ್ತಕ್ಕೂ ಜಾಸ್ತಿ ಹಾಡಿನ ಒಂದೇ ಆಲ್ಬಮ್ ಮಾಡಿತು. ನಾಲ್ಕು ಒಂದನೇ ಹಾಡು, ಆಮೇಲೆ ನಾಲ್ಕು ಎರಡನೇ ಹಾಡು, ಹೀಗೆ ಒಂದರ ಹಿಂದೆ ಒಂದು ಬರುತ್ತಿದ್ದವು. ಎರಡು ತೊಂದರೆಗೂ ಮದ್ದು ಒಂದೇ: ಆಲ್ಬಮ್ ಆರ್ಟಿಸ್ಟ್ ಖಾನೆಯನ್ನು ಯಾವತ್ತೂ ಖಾಲಿ ಬಿಡಬಾರದು.

ಹೆಸರುಗಳು ಎಲ್ಲಿಂದ ಬಂದವು?

ಸಿಡಿಯಲ್ಲೇ ಹಾಡಿನ ಹೆಸರು ಇರುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಇಲ್ಲ. ಮಾಮೂಲಿ ಆಡಿಯೊ ಸಿಡಿಯಲ್ಲಿ ಸದ್ದು ಮತ್ತು ಯಾವ ಹಾಡು ಎಲ್ಲಿ ಶುರುವಾಗುತ್ತದೆ ಅನ್ನುವ ಒಂದು ಪಟ್ಟಿ, ಇಷ್ಟೇ ಇರುವುದು. ಸಿಡಿ-ಟೆಕ್ಸ್ಟ್ ಅಂತ ಒಂದು ಸೌಲಭ್ಯ 1996ರಲ್ಲಿ ಬಂತು. ಆದರೆ ನಮ್ಮ ಮನೆಯ ಕನ್ನಡ ಸಿಡಿಗಳಲ್ಲಿ ನಾನು ಅದನ್ನು ಒಮ್ಮೆಯೂ ಕಾಣಲಿಲ್ಲ.

ಹಾಗಾದರೆ ಸಿಡಿ ಹಾಕಿದ ತಕ್ಷಣ ಹೆಸರುಗಳು ತುಂಬಿಕೊಳ್ಳುತ್ತವಲ್ಲ, ಅದು ಹೇಗೆ? 1993ರಲ್ಲಿ ಟಿ ಕಾನ್ ಮತ್ತು ಸ್ಟೀವ್ ಶೆರ್ಫ್ ಎಂಬವರು ಸಿಡಿಡಿಬಿ ಎಂಬ ವ್ಯವಸ್ಥೆ ಮಾಡಿದರು. ಹಾಡುಗಳು ಎಷ್ಟೆಷ್ಟು ಹೊತ್ತಿಗೆ ಶುರುವಾಗುತ್ತವೆ, ಒಟ್ಟು ಎಷ್ಟು ಹೊತ್ತು, ಎಷ್ಟು ಹಾಡು ಅನ್ನುವುದರಿಂದ ಒಂದು ಸಂಖ್ಯೆ ಮಾಡುವುದು. ಆ ಸಂಖ್ಯೆಗೆ ಯಾರೋ ಒಬ್ಬರು ಮನೆಯಲ್ಲಿ ಕೂತು ಹೆಸರುಗಳನ್ನು ಟೈಪ್ ಮಾಡಿ ಕಳಿಸುವುದು. ಆಮೇಲೆ ಅದೇ ಸಿಡಿ ಹಾಕಿದ ಎಲ್ಲರಿಗೂ ಆ ಹೆಸರು ಸಿಗುವುದು. ಸಿಡಿಡಿಬಿ ಮುಂದೆ ಗ್ರೇಸ್‌ನೋಟ್ ಎಂಬ ಕಂಪನಿಯಾಯಿತು. ಅದೇ ಬಗೆಯ, ಎಲ್ಲರಿಗೂ ತೆರೆದಿದ್ದ ಫ್ರೀಡಿಬಿ 2020ರಲ್ಲಿ ನಿಂತಿತು.

ಗಮನಿಸಿ, ಟೈಪ್ ಮಾಡಿದವರು ನಮ್ಮ ನಿಮ್ಮಂಥ ಜನ. ಕನ್ನಡದ ಸಿಡಿಗಳಿಗೆ ಹೆಸರು ತುಂಬಿದವರು ತಮಗೆ ತೋಚಿದ ಇಂಗ್ಲಿಷ್ ಕಾಗುಣಿತದಲ್ಲಿ ತುಂಬಿದರು. ಒಬ್ಬರು ‘ಮನ್ಸೂರ್’ ಅನ್ನುವುದಕ್ಕೆ ಒಂದು ‘ಯು’ ಹಾಕಿದರೆ ಇನ್ನೊಬ್ಬರು ಎರಡು ‘ಓ’ ಹಾಕಿದರು. ಮೇಲಾಗಿ ಫ್ರೀಡಿಬಿಯಲ್ಲಿ ಇದ್ದದ್ದು ಹನ್ನೊಂದೇ ವಿಭಾಗ: ಬ್ಲೂಸ್, ಕಂಟ್ರಿ, ಜಾಝ್, ರೆಗೆ, ರಾಕ್, ಫೋಕ್ ಮುಂತಾದವು. ಭಾವಗೀತೆಯನ್ನು ಇದರಲ್ಲಿ ಎಲ್ಲಿಗೆ ಹಾಕುತ್ತೀರಿ? ನಾನು ರಿಪ್ ಮಾಡಿದ, ಅಂದರೆ ಕಂಪ್ಯೂಟರಿಗೆ ಇಳಿಸಿದ, ಹಳೆಯ ಸಿಡಿಗಳಲ್ಲಿ ಎಷ್ಟೋ ಭಾವಗೀತೆಗಳು ಫೋಕ್ ಅಂತಲೂ ವಚನಗಳು ಇತರೆ ಅಂತಲೂ ಬಂದವು. ಆ ಜನರ ಬಗ್ಗೆ ನನಗೆ ಬೇಸರವಿಲ್ಲ. ಅವರು ಪುಕ್ಕಟೆ ಮಾಡಿದ ಆ ಕೆಲಸ ಇಲ್ಲದಿದ್ದರೆ ನಾನು ಎಲ್ಲವನ್ನೂ ಕೈಯಿಂದಲೇ ಹೊಡೆಯಬೇಕಿತ್ತು.

ಈಗ ಬಳಸಲು ಒಳ್ಳೆಯದು ಮ್ಯೂಸಿಕ್‌ಬ್ರೈನ್ಜ್ ಎಂಬ ಡೇಟಾಬೇಸ್. ಅದರ ಪಿಕಾರ್ಡ್ ಎಂಬ ಸಾಫ್ಟ್‌ವೇರ್ ಉಚಿತ. ಅದು ಸಿಡಿಯ ಸಂಖ್ಯೆ ನೋಡಿ ಹುಡುಕಬಲ್ಲದು. ಸದ್ದಿನ ಬೆರಳಚ್ಚು ತೆಗೆದು ಹುಡುಕುವ ಅಕೌಸ್ಟ್‌ಐಡಿ ಎಂಬ ದಾರಿಯೂ ಇದೆ. ಆದರೆ ಬೆರಳಚ್ಚು ಸಿಗಬೇಕಾದರೆ ಅದೇ ರೆಕಾರ್ಡಿಂಗನ್ನು ಮೊದಲು ಯಾರಾದರೂ ಕಳಿಸಿರಬೇಕು. ಹಳೆಯ ಕನ್ನಡ ಹಾಡುಗಳಿಗೆ ಎಷ್ಟೋ ಸಲ ಏನೂ ಸಿಗುವುದಿಲ್ಲ. ಇನ್ನು ಕೆಲವು ಸಲ ಸಿಕ್ಕಿದ್ದು ತಪ್ಪಾಗಿರುತ್ತದೆ. ಸಾವಿರ ಹಾಡು ಒಟ್ಟಿಗೆ ಆಯ್ದು ‘ಸೇವ್’ ಒತ್ತಬೇಡಿ. ಹತ್ತು ಆಲ್ಬಮ್ ಮಾಡಿ, ಕಣ್ಣಾಡಿಸಿ, ಮುಂದೆ ಹೋಗಿ. ನಿಮ್ಮ ಹತ್ತಿರ ಇರುವ ಸಿಡಿ ಅಲ್ಲಿ ಇಲ್ಲವಾದರೆ ನೀವೇ ಸೇರಿಸಿ. ಕನ್ನಡ ಲಿಪಿಯಲ್ಲೇ ಸೇರಿಸಬಹುದು. ಮುಂದಿನವರಿಗೆ ಅದು ಸಿಗುತ್ತದೆ.

ಐದನೆಯ ಅಶ್ವತ್ಥ್

ಈಗ ನೋಡಲು ಒಂದೇ ಥರ ಇದ್ದ ಆ ಐದನೆಯ ಹೆಸರಿಗೆ ಬರೋಣ. ಇದನ್ನು ಹುಡುಕಲು ನನಗೆ ಒಂದು ಇಡೀ ಭಾನುವಾರ ಬೇಕಾಯಿತು.

ಆ ಹೆಸರನ್ನು ನಾನು ಯಾವುದೋ ಬರಹದಿಂದ ಕಾಪಿ ಮಾಡಿ ಅಂಟಿಸಿದ್ದೆ. ಕನ್ನಡದ ಟೈಪಿಂಗ್ ಸಾಧನಗಳು ಎಷ್ಟೋ ಸಲ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸುತ್ತವೆ. ಅದರ ಹೆಸರು ಜೀರೊ ವಿಡ್ತ್ ನಾನ್ ಜಾಯ್ನರ್. ಹೆಸರೇ ಹೇಳುವಂತೆ ಅದಕ್ಕೆ ಅಗಲವೇ ಇಲ್ಲ. ‘ರಾಜ್‌ಕುಮಾರ್’ ಅಂತ ಬರೆಯುವಾಗ ಇದು ಬೇಕೇ ಬೇಕು. ಇಲ್ಲದಿದ್ದರೆ ಜ ಮತ್ತು ಕ ಒತ್ತಾಗಿ ಸೇರಿ ‘ರಾಜ್ಕುಮಾರ್’ ಆಗಿಬಿಡುತ್ತದೆ. ಆದರೆ ಪದದ ಕೊನೆಯಲ್ಲಿ ಇದಕ್ಕೆ ಕೆಲಸವಿಲ್ಲ. ಅಶ್ವತ್ಥ್ ಅನ್ನುವುದರ ಕೊನೆಯ ಅರ್ಧಾಕ್ಷರದ ನಂತರ ಅದು ಸುಮ್ನೆ ಕೂತಿತ್ತು. ನಮ್ಮ ಕಣ್ಣಿಗೆ ಎಂಟು ಸಂಕೇತದ ಹೆಸರು, ಕಂಪ್ಯೂಟರಿಗೆ ಒಂಬತ್ತು.

ಕನ್ನಡದಲ್ಲಿ ಇಂಥ ಇನ್ನೂ ಎರಡು ಮೋಸಗಳಿವೆ. ‘ಶ್ರೀನಿವಾಸ್’ ಹೆಸರಿನಲ್ಲಿ ಶ್ರೀ ಇದೆಯಲ್ಲ, ಅದರ ದೀರ್ಘವನ್ನು ಯೂನಿಕೋಡಿನಲ್ಲಿ (ಕಂಪ್ಯೂಟರ್ ಅಕ್ಷರಗಳಿಗೆ ಸಂಕೇತ ಕೊಡುವ ಕ್ರಮ) ಎರಡು ರೀತಿ ಬರೆಯಬಹುದು. ‘ೀ’ ಅಂತ ಒಂದೇ ಸಂಕೇತವಾಗಿ, ಇಲ್ಲವೇ ಗುಡಿಸಿನ ಸಂಕೇತ ಮತ್ತು ದೀರ್ಘದ ಸಂಕೇತ ಅಂತ ಎರಡು ತುಂಡಾಗಿ. ‘ೇ’, ‘ೈ’, ‘ೊ’, ‘ೋ’ ಇವಕ್ಕೂ ಹೀಗೇ. ಹಳೆಯ ಮ್ಯಾಕ್ ಕಂಪ್ಯೂಟರುಗಳು ಫೈಲ್ ಹೆಸರನ್ನು ತುಂಡು ಮಾಡಿಯೇ ಇಡುತ್ತಿದ್ದವು. ಅಲ್ಲಿಂದ ಬಂದ ಫೈಲ್ ಹೆಸರನ್ನು ಟ್ಯಾಗಿಗೆ ಹಾಕಿಕೊಂಡರೆ ಪಿ.ಬಿ. ಶ್ರೀನಿವಾಸ್ ಇಬ್ಬರಾಗುತ್ತಾರೆ. ಇನ್ನೊಂದು ಅನುಸ್ವಾರದ್ದು. ‘ಂ’ ಹಾಕುವ ಕಡೆ ಕನ್ನಡದ ಸೊನ್ನೆ ‘೦’ ಹಾಕಿರುವುದು. ಎರಡೂ ಒಂದು ಉಂಗುರದ ಹಾಗೇ ಕಾಣುತ್ತವೆ. ‘ಹಂಸಲೇಖ’ ಅಂತ ಹುಡುಕಿದರೆ ಸೊನ್ನೆಯಲ್ಲಿ ಬರೆದ ಹಾಡುಗಳು ಸಿಗುವುದೇ ಇಲ್ಲ.

ಸರಿ ಮಾಡುವುದು ಕಷ್ಟವಲ್ಲ. ವಿಂಡೋಸ್‌ನಲ್ಲಿ ಎಂಪಿ3ಟ್ಯಾಗ್ ಎಂಬ ಸಾಫ್ಟ್‌ವೇರ್ ಇದೆ. ಹೆಸರಿನಲ್ಲಿ ಎಂಪಿ3 ಇದ್ದರೂ ಫ್ಲ್ಯಾಕ್ (ಸದ್ದನ್ನು ಏನೂ ಕಳೆಯದೆ ಚಿಕ್ಕದಾಗಿಸುವ ಫೈಲ್ ಬಗೆ) ಮುಂತಾದ ಹಲವು ಥರದ ಫೈಲ್‌ಗೂ ಆಗುತ್ತದೆ. ಸಾವಿರ ಫೈಲ್‌ಗಳ ಟ್ಯಾಗ್‌ನಲ್ಲಿ ಒಂದನ್ನು ಹುಡುಕಿ ಇನ್ನೊಂದು ಹಾಕುವ ಕೆಲಸ ಅದು ನಿಮಿಷದಲ್ಲಿ ಮಾಡುತ್ತದೆ. ಒಂದು ಎಚ್ಚರ: ಆ ಕಾಣದ ಸಂಕೇತವನ್ನು ಪದದ ಕೊನೆಯಲ್ಲಿ ಇದ್ದರೆ ಮಾತ್ರ ತೆಗೆಯಿರಿ. ಎಲ್ಲ ಕಡೆ ತೆಗೆದರೆ ರಾಜ್‌ಕುಮಾರ್ ಕೆಟ್ಟು ಹೋಗುತ್ತಾರೆ.

ಇದಕ್ಕಿಂತ ಒಳ್ಳೆಯದು ಮೊದಲೇ ಕಟ್ಟೆ ಕಟ್ಟುವುದು. ನಾನು ಒಂದು ಶೀಟ್ ಇಟ್ಟಿದ್ದೇನೆ. ಒಬ್ಬರಿಗೆ ಒಂದು ಸಾಲು. ಅವರ ಹೆಸರು ನನ್ನ ಸಂಗ್ರಹದಲ್ಲಿ ಹೇಗಿರಬೇಕು ಅಂತ ಒಮ್ಮೆ ತೀರ್ಮಾನಿಸಿ ಅಲ್ಲಿ ಬರೆದಿದ್ದೇನೆ. ಹೊಸ ಸಿಡಿ ಬಂದರೆ ಹೆಸರನ್ನು ಮತ್ತೆ ಟೈಪ್ ಮಾಡುವುದಿಲ್ಲ, ಆ ಶೀಟಿನಿಂದಲೇ ಅಂಟಿಸುತ್ತೇನೆ. ಈಗ ಅದರಲ್ಲಿ ನಾನೂರರಷ್ಟು ಹೆಸರಿವೆ. ನನ್ನ ಇಡೀ ಸಂಗ್ರಹದಲ್ಲಿ ಸಾಫ್ಟ್‌ವೇರಿಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಈ ಶೀಟ್.

ಆ ಶೀಟ್ ಮಾಡುವಾಗ ಕೆಲವು ತೀರ್ಮಾನ ಮಾಡಬೇಕಾಗುತ್ತದೆ. ‘ಪಂಡಿತ್’, ‘ವಿದುಷಿ’, ‘ಡಾ.’ ಇವನ್ನೆಲ್ಲ ಹಾಕಬೇಕಾ? ಹಾಕಿದರೆ ಹಿಂದೂಸ್ತಾನಿ ಗಾಯಕರೆಲ್ಲ ‘ಪ’ ಅಕ್ಷರದ ಕೆಳಗೆ ಗುಂಪಾಗುತ್ತಾರೆ. ನಾನು ಖಾನೆಯಲ್ಲಿ ಹಾಕುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಅಷ್ಟೇ. ಗೌರವ ಕಡಿಮೆ ಅಂತಲ್ಲ, ಅವರು ಬೇಗ ಸಿಗಲಿ ಅಂತ. ಇನಿಷಿಯಲ್ ಇನ್ನೊಂದು ತಲೆನೋವು. ಎಸ್. ಜಾನಕಿ ಅವರನ್ನು ನಾವು ‘ಜ’ದಲ್ಲಿ ಹುಡುಕುತ್ತೇವೆ, ಸಾಫ್ಟ್‌ವೇರ್ ‘ಎ’ದಲ್ಲಿ ಇಟ್ಟಿರುತ್ತದೆ. ಇದಕ್ಕೆಂದೇ ಟ್ಯಾಗ್‌ನಲ್ಲಿ ‘ಸಾರ್ಟ್’ ಖಾನೆಗಳಿವೆ. ಆರ್ಟಿಸ್ಟ್ ಖಾನೆಯಲ್ಲಿ ‘ಎಸ್. ಜಾನಕಿ’ ಅಂತಲೇ ಇರಲಿ, ಆರ್ಟಿಸ್ಟ್ ಸಾರ್ಟ್‌ನಲ್ಲಿ ‘ಜಾನಕಿ, ಎಸ್.’ ಅಂತ ಬರೆಯಿರಿ. ತೋರಿಸುವುದು ಮೊದಲನೆಯದನ್ನು, ಜೋಡಿಸುವುದು ಎರಡನೆಯದರ ಪ್ರಕಾರ.

ಕನ್ನಡ ಲಿಪಿಯಾ, ಇಂಗ್ಲಿಷಾ?

ಟ್ಯಾಗ್ ಕನ್ನಡದಲ್ಲೇ ಇರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡಕ್ಕೆ ನಿಗದಿಯಾದ ಕಾಗುಣಿತ ಇಲ್ಲ. ಕನ್ನಡದಲ್ಲಿ ಬರೆದರೆ ಹೆಚ್ಚೆಂದರೆ ಎರಡೋ ಮೂರೋ ರೂಪ. ಇಂಗ್ಲಿಷ್‌ನಲ್ಲಿ ಹತ್ತು. ಹಾಡಿನ ಮೊದಲ ಸಾಲನ್ನೇ ನಾವು ಹೆಸರಾಗಿ ಬಳಸುವುದರಿಂದ ಇದು ಇನ್ನೂ ಮುಖ್ಯ.

ಮೊದಲಾದರೆ ಇದು ಆಗುತ್ತಲೇ ಇರಲಿಲ್ಲ. ಎಂಪಿ3ಗೆ ಟ್ಯಾಗ್ ಬಂದದ್ದು 1996ರಲ್ಲಿ. ಐಡಿ3 ಅಂತ ಅದರ ಹೆಸರು. ಫೈಲಿನ ಕೊನೆಯಲ್ಲಿ ಒಟ್ಟು 128 ಬೈಟ್ ಜಾಗ, ಅದರಲ್ಲಿ ಆರ್ಟಿಸ್ಟ್ ಹೆಸರಿಗೆ 30 ಬೈಟ್. ಕನ್ನಡಕ್ಕೆ ಅಲ್ಲಿ ವ್ಯವಸ್ಥೆಯೇ ಇರಲಿಲ್ಲ. ಇದ್ದಿದ್ದರೂ, ಇವತ್ತು ಎಲ್ಲ ಕಡೆ ಬಳಸುವ ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್ ಬೇಕು. ‘ಸಿ. ಅಶ್ವತ್ಥ್’ ಅನ್ನುವ ಪುಟ್ಟ ಹೆಸರು 32 ಬೈಟ್ ಆಗುತ್ತದೆ. ಕೊನೆಯ ಅರ್ಧಾಕ್ಷರದ ಗುರುತು ತುಂಡಾಗುತ್ತಿತ್ತು. 1998ರಲ್ಲಿ ಬಂದ ಎರಡನೆಯ ಐಡಿ3ಯಿಂದ ಈ ಮಿತಿ ಹೋಯಿತು. ಈಗಲೂ ನಿಮ್ಮ ಹಳೆಯ ಎಂಪಿ3ಗಳಲ್ಲಿ ಎರಡೂ ಥರದ ಟ್ಯಾಗ್ ಇರಬಹುದು. ಹಳೆಯದನ್ನು ಅಳಿಸಿಬಿಡಿ. ಇಲ್ಲದಿದ್ದರೆ ಒಂದು ಪ್ಲೇಯರ್ ಹೊಸದನ್ನು ಓದುತ್ತದೆ, ಇನ್ನೊಂದು ಹಳೆಯ ಅರ್ಧಂಬರ್ಧ ಹೆಸರನ್ನು ತೋರಿಸುತ್ತದೆ.

ಫೈಲ್ ಮತ್ತು ಫೋಲ್ಡರ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟಿದ್ದೇನೆ. ಕಾರಿನ ಸ್ಟೀರಿಯೊಗೆ ಪೆನ್‌ಡ್ರೈವ್ ಹಾಕಿದರೆ ಕನ್ನಡ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತವೆ. ಅದೂ ಅಲ್ಲದೆ ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ ಇದೆ. ಮೂರು ಬೈಟಿನ ಲೆಕ್ಕದಲ್ಲಿ ಕನ್ನಡದ 85 ಸಂಕೇತ. ಉದ್ದನೆಯ ಪಲ್ಲವಿ, ಗಾಯಕರ ಹೆಸರು ಎರಡೂ ಸೇರಿದರೆ ದಾಟಿಹೋಗುತ್ತದೆ.

ಸಿನಿಮಾ ಹಾಡಿನ ಗೋಜಲು

ಲೈಬ್ರರಿ ಸಾಫ್ಟ್‌ವೇರ್‌ಗಳು ಹುಟ್ಟಿದ್ದು ಒಬ್ಬ ಗಾಯಕನ ಹೆಸರಿನಲ್ಲಿ ಒಂದು ಆಲ್ಬಮ್ ಬರುವ ದೇಶಗಳಲ್ಲಿ. ನಮ್ಮ ಸಿನಿಮಾ ಆಲ್ಬಮ್ ಹಾಗಲ್ಲ. ಐದು ಹಾಡಿದ್ದರೆ ಒಂದನ್ನು ಪಿ.ಬಿ. ಶ್ರೀನಿವಾಸ್ ಒಬ್ಬರೇ ಹಾಡಿರುತ್ತಾರೆ, ಇನ್ನೊಂದು ಅವರು ಮತ್ತು ಜಾನಕಿ, ಮತ್ತೊಂದು ಜಾನಕಿ ಒಬ್ಬರೇ. ಆಲ್ಬಮ್ ಆರ್ಟಿಸ್ಟ್ ಖಾಲಿ ಇದ್ದರೆ ಎಷ್ಟೋ ಸಾಫ್ಟ್‌ವೇರ್ ಆರ್ಟಿಸ್ಟ್ ಖಾನೆಯನ್ನೇ ಅದರ ಬದಲು ಬಳಸುತ್ತವೆ. ಆಗ ಒಂದು ಚಿತ್ರ ಮೂರು ಆಲ್ಬಮ್ ಆಗುತ್ತದೆ.

ಚಿತ್ರದ ಆಲ್ಬಮ್ ಆರ್ಟಿಸ್ಟ್ ಯಾರು? ಕೆಲವರು ‘ವಿವಿಧ ಗಾಯಕರು’ ಅಂತ ಹಾಕುತ್ತಾರೆ. ತಪ್ಪೇನಿಲ್ಲ. ಆದರೆ ಇನ್ನೂರು ಚಿತ್ರಗಳು ಆ ಒಂದೇ ಹೆಸರಿನ ಕೆಳಗೆ ಬಂದು ಕೂತರೆ ಪ್ರಯೋಜನ ಏನು? ನಾನು ಸಂಗೀತ ನಿರ್ದೇಶಕರ ಹೆಸರು ಹಾಕುತ್ತೇನೆ. ರಾಜನ್–ನಾಗೇಂದ್ರ ಅಂತ ತೆರೆದರೆ ಅವರ ಚಿತ್ರಗಳೆಲ್ಲ ವರ್ಷದ ಪ್ರಕಾರ ಸಾಲಾಗಿ ಕಾಣುತ್ತವೆ. ಅವರ ಶೈಲಿ ಹೇಗೆ ಬೆಳೆಯಿತು ಅನ್ನುವುದು ಕಿವಿಗೆ ತಾನಾಗಿ ಗೊತ್ತಾಗುತ್ತದೆ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್ ಇವರನ್ನು ಗಾಯಕರ ಹೆಸರಿನ ಹಿಂದೆ ಮರೆತುಬಿಡುವುದು ಸುಲಭ. ಹೀಗೆ ಇಟ್ಟರೆ ಮರೆಯಲು ಆಗುವುದಿಲ್ಲ.

ಯುಗಳಗೀತೆಗೆ ಇನ್ನೊಂದು ಹುಷಾರು ಬೇಕು. ‘ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ’ ಅಂತ ಅಲ್ಪವಿರಾಮ ಹಾಕಿ ಬರೆದರೆ, ಎಷ್ಟೋ ಸಾಫ್ಟ್‌ವೇರಿಗೆ ಅದು ಮೂರನೆಯ ವ್ಯಕ್ತಿ. ಫ್ಲ್ಯಾಕ್ ಟ್ಯಾಗ್‌ನಲ್ಲಿ ಒಂದೇ ಖಾನೆಯನ್ನು ಎರಡು ಸಲ ಇಡಬಹುದು: ಆರ್ಟಿಸ್ಟ್ ಒಂದು, ಆರ್ಟಿಸ್ಟ್ ಎರಡು. ಹೀಗೆ ಮಾಡಿ. ಇದನ್ನು ಸರಿಯಾಗಿ ಓದುವ ಸಾಫ್ಟ್‌ವೇರಿನಲ್ಲಿ ಹಾಡು ಇಬ್ಬರ ಹೆಸರಿನಲ್ಲೂ ಕಾಣುತ್ತದೆ.

ವರ್ಷದ ವಿಷಯದಲ್ಲೂ ಸಿಡಿಯ ಮಾತು ನಂಬಬೇಡಿ. ಅದರ ಮೇಲೆ ಇರುವುದು ಸಿಡಿ ಅಚ್ಚಾದ ವರ್ಷ. 2003ರ ಸಿಡಿಯಲ್ಲಿ 1970ರ ದಶಕದ ಹಾಡು ಇರುತ್ತದೆ. ನಾನು ಚಿತ್ರ ಬಿಡುಗಡೆಯಾದ ವರ್ಷವನ್ನೇ ಹಾಕುತ್ತೇನೆ. ಹಲವು ಚಿತ್ರಗಳ ಹಾಡು ಸೇರಿಸಿದ ‘ಹಿಟ್ಸ್’ ಸಿಡಿಯಾದರೆ ಆಲ್ಬಮ್ ಹೆಸರು ಸಿಡಿಯದ್ದೇ ಇರಲಿ, ‘ಚಿತ್ರ’ ಅಂತ ಒಂದು ಹೊಸ ಖಾನೆ ಮಾಡಿ ಅಲ್ಲಿ ಚಿತ್ರದ ಹೆಸರು ಬರೆಯಿರಿ. ಹೌದು, ನಮಗೆ ಬೇಕಾದ ಖಾನೆಯನ್ನು ನಾವೇ ಮಾಡಿಕೊಳ್ಳಬಹುದು. ಇದು ತುಂಬ ಜನಕ್ಕೆ ಗೊತ್ತಿಲ್ಲ.

ರಾಗಕ್ಕೊಂದು ಖಾನೆ

ಶಾಸ್ತ್ರೀಯ ಸಂಗೀತಕ್ಕೆ ಬಂದರೆ ಈ ಸ್ವಂತ ಖಾನೆಗಳೇ ಜೀವಾಳ. ನಾನು ‘ರಾಗ’, ‘ತಾಳ’ ಅಂತ ಎರಡು ಮಾಡಿಕೊಂಡೆ. ಫೂಬಾರ್2000 ಮತ್ತು ಮ್ಯೂಸಿಕ್‌ಬೀ ಎಂಬ ಎರಡು ಪ್ಲೇಯರ್‌ಗಳಲ್ಲೂ ಸ್ವಂತ ಖಾನೆಯ ಪ್ರಕಾರ ಪಟ್ಟಿ ಮಾಡಬಹುದು. ಬೆಳಿಗ್ಗೆ ಎದ್ದು ತೋಡಿ ಕೇಳಬೇಕು ಅನ್ನಿಸಿದರೆ ಒಂದು ಸಲ ಒತ್ತಿದರೆ ಸಾಕು.

ಆದರೆ ಯಾವ ತೋಡಿ? ಕರ್ನಾಟಕ ಪದ್ಧತಿಯ ತೋಡಿ ಎಂಟನೆಯ ಮೇಳ (ಮೂಲ ರಾಗ), ಹನುಮತೋಡಿ. ಆ ಸ್ವರಗಳನ್ನು ಹಿಂದೂಸ್ತಾನಿಯಲ್ಲಿ ಭೈರವಿ ಅನ್ನುತ್ತಾರೆ. ಹಿಂದೂಸ್ತಾನಿಯ ತೋಡಿ ನಮ್ಮ 45ನೆಯ ಮೇಳ ಶುಭಪಂತುವರಾಳಿಯ ಸ್ವರಗಳದ್ದು. ಇನ್ನು ಕರ್ನಾಟಕದ ಭೈರವಿ ಇಪ್ಪತ್ತನೆಯ ಮೇಳದಿಂದ ಹುಟ್ಟಿದ ಬೇರೆಯೇ ರಾಗ. ರಾಗದ ಹೆಸರೊಂದನ್ನೇ ಬರೆದರೆ ಇವೆಲ್ಲ ಕಲಸಿಹೋಗುತ್ತವೆ. ಅದಕ್ಕೆ ಜಾನರ್ (ಸಂಗೀತದ ಬಗೆ) ಖಾನೆಯಲ್ಲಿ ಕರ್ನಾಟಕ, ಹಿಂದೂಸ್ತಾನಿ ಅಂತ ಕಡ್ಡಾಯವಾಗಿ ಬರೆದು, ಎರಡೂ ಖಾನೆ ಸೇರಿಸಿ ಹುಡುಕಬೇಕು.

ಕಂಪೋಸರ್ ಖಾನೆಯೂ ಯೋಚನೆ ಮಾಡಿಸುತ್ತದೆ. ತ್ಯಾಗರಾಜರ ಕೃತಿಗೆ ಮಾತೂ ಅವರದೇ, ಧಾತುವೂ (ಧಾಟಿ) ಅವರದೇ. ಅಲ್ಲಿ ಗೊಂದಲವಿಲ್ಲ. ಬಸವಣ್ಣನ ವಚನಕ್ಕೆ? ಮಾತು 12ನೇ ಶತಮಾನದ್ದು, ರಾಗ ಕೂಡಿಸಿದವರು ನಮ್ಮ ಕಾಲದವರು. ದಾಸರ ಪದಗಳದ್ದೂ ಹೆಚ್ಚುಕಡಿಮೆ ಇದೇ, ಅವುಗಳ ಮೂಲ ಮಟ್ಟುಗಳು ಬಹುಪಾಲು ಉಳಿದಿಲ್ಲ. ಇಂಥವಕ್ಕೆ ನಾನು ವಚನಕಾರರು, ದಾಸರು, ಕವಿಗಳು ಇವರನ್ನು ‘ಲಿರಿಸಿಸ್ಟ್’ ಖಾನೆಯಲ್ಲಿ ಇಡುತ್ತೇನೆ. ರಾಗ ಸಂಯೋಜನೆ ಮಾಡಿದವರು ಕಂಪೋಸರ್. ಭಾವಗೀತೆಗೆ ಇದರಿಂದ ದೊಡ್ಡ ಲಾಭ. ಒಬ್ಬ ಕವಿಯ ಹೆಸರು ಒತ್ತಿದರೆ ಕಾಳಿಂಗರಾಯರು ಹಾಡಿದ್ದು, ಮೈಸೂರು ಅನಂತಸ್ವಾಮಿ ಹಾಡಿದ್ದು, ಅಶ್ವತ್ಥ್ ಹಾಡಿದ್ದು ಎಲ್ಲ ಒಟ್ಟಿಗೆ ಬರುತ್ತವೆ. ಒಂದೇ ಕವಿತೆಗೆ ಇಬ್ಬರು ಬೇರೆ ಬೇರೆ ಧಾಟಿ ಹಾಕಿದ್ದು ಪಕ್ಕಪಕ್ಕದಲ್ಲಿ ಸಿಗುತ್ತದೆ. ಪಕ್ಕವಾದ್ಯದವರನ್ನು ಬಿಡಬೇಡಿ. ‘ಪರ್ಫಾರ್ಮರ್’ ಖಾನೆ ಅವರಿಗೆಂದೇ ಇದೆ. ಪಿಟೀಲು, ಮೃದಂಗ, ಘಟ, ಎಲ್ಲರ ಹೆಸರೂ ಬರಲಿ.

ಕಚೇರಿಯ ರೆಕಾರ್ಡಿಂಗ್‌ನಲ್ಲಿ ಆಲಾಪನೆ, ಕೃತಿ, ತನಿ ಆವರ್ತನ ಬೇರೆ ಬೇರೆ ಟ್ರ್ಯಾಕ್ ಆಗಿದ್ದರೆ ನಡುವೆ ಸದ್ದು ಕಡಿಯಬಾರದು. ಫ್ಲ್ಯಾಕ್‌ನಲ್ಲಿ ಈ ತೊಂದರೆ ಇಲ್ಲ. ಎಂಪಿ3ಯಲ್ಲಿ ಎನ್‌ಕೋಡರ್ (ಸದ್ದನ್ನು ಎಂಪಿ3 ಮಾಡುವ ಸಾಫ್ಟ್‌ವೇರ್) ಹಾಡಿನ ಎರಡೂ ತುದಿಗೆ ಒಂದಿಷ್ಟು ಮೌನ ಸೇರಿಸುತ್ತದೆ. ಅದನ್ನು ಕತ್ತರಿಸಲು ಗೊತ್ತಿರುವ ಪ್ಲೇಯರ್ ಬೇಕು.

ರಿಪ್, ಫೋಲ್ಡರ್, ಕಾಪಿ

ಇನ್ನೂ ರಿಪ್ ಮಾಡದೆ ಉಳಿದವರಿಗೆ ಎರಡು ಮಾತು. ಫ್ಲ್ಯಾಕ್‌ನಲ್ಲೇ ಮಾಡಿ. ಐದು ನಿಮಿಷದ ಹಾಡು ಸಿಡಿಯಲ್ಲಿ ಸುಮಾರು 53 ಎಂಬಿ. ಫ್ಲ್ಯಾಕ್ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ, ಒಂದು ಚೂರೂ ಕಳೆಯದೆ. ಸೆಕೆಂಡಿಗೆ 320 ಕಿಲೊಬಿಟ್‌ನ ಎಂಪಿ3 ಆದರೆ 12 ಎಂಬಿ, ಆದರೆ ಕಳೆದದ್ದು ಮತ್ತೆ ಬರುವುದಿಲ್ಲ. ಹತ್ತು ಸಾವಿರ ಹಾಡು ಫ್ಲ್ಯಾಕ್‌ನಲ್ಲಿ 300 ಜಿಬಿ ಆಸುಪಾಸು. ಇವತ್ತಿನ ಡಿಸ್ಕಿಗೆ ಅದು ದೊಡ್ಡದಲ್ಲ. ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ಸಾಫ್ಟ್‌ವೇರ್ ಬಳಸಿ. ಡೇಟಾ ಸಿಡಿಯಲ್ಲಿ ತಪ್ಪು ಸರಿಪಡಿಸಲು ಇರುವ ಹೆಚ್ಚಿನ ರಕ್ಷಣೆ ಆಡಿಯೊ ಸಿಡಿಯಲ್ಲಿ ಇಲ್ಲ. ಗೀರು ಬಿದ್ದ ಕಡೆ ಡ್ರೈವ್ ಅಂದಾಜು ಮಾಡಿ ತುಂಬಿಬಿಡುತ್ತದೆ. ಈ ಸಾಫ್ಟ್‌ವೇರ್ ಮತ್ತೆ ಮತ್ತೆ ಓದಿ, ಬೇರೆಯವರು ಅದೇ ಸಿಡಿಯಿಂದ ತೆಗೆದದ್ದರ ಜೊತೆ ಹೋಲಿಸಿ ನೋಡುತ್ತದೆ.

ಫೋಲ್ಡರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ಆಲ್ಬಮ್‌ಗೆ ಒಂದು ಫೋಲ್ಡರ್, ಅದರಲ್ಲೇ ಕವರ್ ಚಿತ್ರ. ಮನೆಯೊಳಗೆ ಹಾಡು ಹಂಚುವ ಸಾಫ್ಟ್‌ವೇರ್‌ಗಳಲ್ಲಿ ಜೆಲ್ಲಿಫಿನ್‌ಗೆ ಇದು ಬೇಕೇ ಬೇಕು. ನ್ಯಾವಿಡ್ರೋಮ್ ಮುಖ್ಯವಾಗಿ ಟ್ಯಾಗ್ ನೋಡಿ ನಡೆಯುತ್ತದೆ. ಇವೆರಡೂ ಉಚಿತ. ಮನೆಯ ಒಂದು ಹಳೆಯ ಕಂಪ್ಯೂಟರಿನಲ್ಲಿ ಹಾಕಿದರೆ ಫೋನ್, ಟಿವಿ ಎಲ್ಲದರಲ್ಲೂ ಕೇಳಬಹುದು. ಯಾವುದು ಒಳ್ಳೆಯದು ಅಂತ ನನ್ನನ್ನು ಕೇಳಿದರೆ, ಹಾಡು ಮಾತ್ರ ಇದ್ದರೆ ನ್ಯಾವಿಡ್ರೋಮ್.

ಯಾವ ಸಾಫ್ಟ್‌ವೇರ್ ಆದರೂ ‘ಫೈಲ್‌ಗಳನ್ನು ನಾನೇ ಜೋಡಿಸಿಡುತ್ತೇನೆ’ ಅನ್ನುವ ಆಯ್ಕೆ ಇದ್ದರೆ ಮೊದಲ ದಿನವೇ ತೆಗೆದುಹಾಕಿ. ಹಿಂದೊಮ್ಮೆ ಒಂದು ಸಾಫ್ಟ್‌ವೇರ್ ನನ್ನ ಆರು ನೂರು ಫೈಲ್‌ಗಳ ಹೆಸರನ್ನು ಒಂದೇ ರಾತ್ರಿಯಲ್ಲಿ ಬದಲಿಸಿತು. ಕನ್ನಡ ಹೆಸರುಗಳ ಜಾಗದಲ್ಲಿ ಬರೀ ಅಡಿಗೆರೆಗಳು. ಬೇರೆ ಡಿಸ್ಕಿನಲ್ಲಿ ಕಾಪಿ ಇದ್ದದ್ದರಿಂದ ಉಳಿದುಕೊಂಡೆ. ಅಂದಿನಿಂದ ರಿಪ್ ಮಾಡಿದ ಮೂಲ ಫೈಲ್‌ಗಳನ್ನು ಬೇರೆ ಡಿಸ್ಕಿನಲ್ಲಿ, ಬದಲಿಸಲು ಆಗದ ಹಾಗೆ ಇಡುತ್ತೇನೆ. ಇನ್ನೊಂದು ಪ್ರತಿ ತಂಗಿಯ ಮನೆಯಲ್ಲಿದೆ. ಸ್ಟಾರ್ ರೇಟಿಂಗ್, ಎಷ್ಟು ಸಲ ಕೇಳಿದಿರಿ ಅನ್ನುವ ಲೆಕ್ಕ, ಇವು ಸಾಮಾನ್ಯವಾಗಿ ಫೈಲಿನಲ್ಲಿ ಅಲ್ಲ, ಸಾಫ್ಟ್‌ವೇರಿನ ಡೇಟಾಬೇಸಿನಲ್ಲಿ ಇರುತ್ತವೆ. ಸಾಫ್ಟ್‌ವೇರ್ ಬದಲಿಸಿದರೆ ಹೋಗುತ್ತವೆ. ಆ ಡೇಟಾಬೇಸನ್ನೂ ಬ್ಯಾಕಪ್‌ಗೆ ಸೇರಿಸಿ.

ಕೊನೆಗೆ ಉಳಿದದ್ದು ಆ ಟ್ರಂಕಿನ ಕ್ಯಾಸೆಟ್‌ಗಳು. ಅಪ್ಪ ರೇಡಿಯೊ ಮುಂದೆ ಕೂತು ತುಂಬಿಕೊಂಡವು. ಇವಕ್ಕೆ ಯಾವ ಡೇಟಾಬೇಸೂ ಇಲ್ಲ, ಬೆರಳಚ್ಚೂ ಸಿಗುವುದಿಲ್ಲ. 90 ನಿಮಿಷದ ಕ್ಯಾಸೆಟ್ ಇಳಿಸಲು 90 ನಿಮಿಷ ಕೂರಲೇಬೇಕು. ಇಲ್ಲಿ ಚೀಟಿಯಲ್ಲಿ ಇರುವುದಷ್ಟೇ ಆಧಾರ, ಅದೂ ಅಪ್ಪನ ಕೈಬರಹ. ಪ್ರತಿ ಕ್ಯಾಸೆಟ್ಟಿನ ಒಳಚೀಟಿಯ ಫೋಟೊ ತೆಗೆದು ಅದನ್ನೇ ಕವರ್ ಚಿತ್ರವಾಗಿ ಹಾಕಿದ್ದೇನೆ. ಚೀಟಿಯಲ್ಲಿ ಬರೆದದ್ದನ್ನು ತಿದ್ದದೆ, ಇದ್ದ ಹಾಗೇ ‘ಕಾಮೆಂಟ್’ ಖಾನೆಯಲ್ಲಿ ಬರೆದಿದ್ದೇನೆ. ಒಂದರಲ್ಲಿ ಹೀಗಿದೆ: ‘ರಾತ್ರಿ ಧಾರವಾಡ ಸ್ಟೇಷನ್. ಮನ್ಸೂರ. ರಾಗ ಗೊತ್ತಾಗಲಿಲ್ಲ. ಕರೆಂಟ್ ಹೋಯಿತು.’ ಇಪ್ಪತ್ತೆರಡನೆಯ ನಿಮಿಷಕ್ಕೆ ಹಾಡು ಅಲ್ಲೇ ನಿಲ್ಲುತ್ತದೆ. ರಾಗ ಖಾನೆಯನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ. ಗೊತ್ತಿರುವವರಿಗೆ ಕೇಳಿಸಿ, ಆಮೇಲೆ ತುಂಬಬೇಕು.